ವಾರ್ಡಿನ ವಾರಸುದಾರ

ಜಹೀರಾಬಾದಿನ ನಮ್ಮವರ ರುದ್ರಭೂಮಿಗೆ ಹೊಸಬರು ಯಾರೇ ಬಂದರೂ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುವುದು ಪದ್ಧತಿ. ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸುತ್ತೇವೆ. ಅದಕ್ಕೇ ನಮ್ಮ ಸಮಾಧಿಗಳು ಚೌಕವಾಗಿ, ಚಿಕ್ಕದಾಗಿ ಇರುತ್ತವೆ. ಆ ಚೌಕಗಳ ನಡುವೆ ಬೇವಿನ ಮರದ ಪಕ್ಕ ಒಂದೇ ಒಂದು ಉದ್ದನೆಯ ಕಲ್ಲು ಮಲಗಿದೆ. ಅದರ ಮೇಲೆ ಹೆಸರಿಲ್ಲ. “ಇದು ಯಾರ್ದ್ರಿ? ಬ್ಯಾರೆ ಮಂದೀದೇನು?” ಎಂದು ಕೇಳುತ್ತಾರೆ. ಬೇರೆ ಮಂದಿಯದಲ್ಲ, ನಮ್ಮವನದೇ. ಕಲ್ಲು ನಾನು ಕೊಟ್ಟದ್ದು.

ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಶಹರದ ಕಾಲೇಜಿನವರು ಆ ಹೆಸರನ್ನು ಒಮ್ಮೆ ಹೊಡೆದು ಹಾಕಿದ ಮೇಲೆ ಆತ ತನ್ನ ಬಾಗಿಲಿನ ಮೇಲಾಗಲಿ, ಪೆಟ್ಟಿಗೆಯ ಮೇಲಾಗಲಿ ಅದನ್ನು ಬರೆಸಲಿಲ್ಲ. ಊರಿನವರು ‘ಡಾಕ್ಟರ್ ಸಾಬ’ ಎಂದು ಕರೆಯುತ್ತಿದ್ದರು. ಆತ ಡಾಕ್ಟರ್ ಆಗಿರಲಿಲ್ಲ. ಮೊದಲು ಪ್ರೀತಿಯಿಂದ ಹಾಗೆ ಕರೆದರು, ಆಮೇಲೆ ಹೆದರಿಕೆಯಿಂದ.

ನಾನು ನೆಲಕ್ಕೆ ಹಾಸುವ ತಾಂಡೂರಿನ ಫರ್ಸಿ ಕಲ್ಲಿನ ವ್ಯಾಪಾರಿ. ಖಣಿಯಲ್ಲಿ ಬೇರೆಯವರ ಚಪ್ಪಡಿ ಎತ್ತುವ ಕೆಲಸದಿಂದ ಶುರು ಮಾಡಿ, ನನ್ನದೇ ಅಂಗಡಿ ಹಾಕಿದವನು. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಗಿರಾಕಿಯ ಮುಂದೆ ನಿಮ್ಮ ಕಲ್ಲನ್ನು ಹೊಗಳಬೇಡಿ, ನಿಮ್ಮ ಮನೆಯ ಒಂದು ಕಷ್ಟ ಹೇಳಿ. ಅದು ನಿಜವಾದದ್ದೇ ಇರಲಿ, ಸುಳ್ಳು ಹೇಳಿದರೆ ಎರಡನೇ ಸಲ ಮರೆತುಹೋಗುತ್ತದೆ. ನಾನು ಯಾವಾಗಲೂ “ನಮ್ಮಪ್ಪಗ ಒಬ್ಬನೇ ಮಗ ಇದ್ದೀನ್ರಿ, ಹಿಂದಿಲ್ಲ ಮುಂದಿಲ್ಲ, ಮುಳುಗಿಸಬ್ಯಾಡ್ರಿ” ಎನ್ನುತ್ತಿದ್ದೆ. ನಿಜವೇ ಅದು. ಈ ಮಾತಿನಿಂದ ಎಷ್ಟೋ ಸೌದಾ ಕುದುರಿವೆ. ಕುದುರದೆ ಕೈ ಬಿಟ್ಟುಹೋದವುಗಳಲ್ಲಿ ಎರಡು ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ಎರಡೂ ಈತನ ಸಲುವಾಗಿ ಮಾಡಿದವು.

ಇಬ್ಬರೂ ನ್ಯಾಲ್ಕಲ್ ಕಡೆಯ ಒಂದೇ ಹಳ್ಳಿಯವರು. ನಾನು ಶಾಲೆ ಬಿಟ್ಟೆ, ಆತ ಬಿಡಲಿಲ್ಲ. ಡಾಕ್ಟರ್ ಆಗಬೇಕೆಂಬ ಹಟ ಆತನಿಗೆ ಹುಟ್ಟಿದ್ದು ತಾಯಿಯಿಂದ. ಆಕೆಯನ್ನು ಒಮ್ಮೆ ನಿಜಾಮರ ಸರ್ಕಾರಿ ದವಾಖಾನೆಗೆ ಕರೆದೊಯ್ದಿದ್ದರು. ಅಲ್ಲಿಯ ಡಾಕ್ಟರಿಗೆ ಉರ್ದು ಬಿಟ್ಟು ಬೇರೆ ಬಾರದು, ಆಕೆಗೆ ಕನ್ನಡ ಬಿಟ್ಟು ಬೇರೆ ಬಾರದು. ಹೊಟ್ಟೆ ನೋವೇ ಎಂದು ಕೇಳಿದರು, ಹೂಂ ಎಂದಳು. ತಲೆಯೇ ಎಂದರು, ಅದಕ್ಕೂ ಹೂಂ. ದೊಡ್ಡ ಮನುಷ್ಯರು ಕೇಳುತ್ತಿದ್ದಾರೆ, ಇಲ್ಲ ಎನ್ನುವುದು ಮರ್ಯಾದೆಯಲ್ಲ ಎಂದು ಆಕೆಯ ಲೆಕ್ಕ. ಕೊಟ್ಟ ಔಷಧ ಕುಡಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಳು. ಈತ ಇದನ್ನು ನಕ್ಕು ನಕ್ಕು ಹೇಳುತ್ತಿದ್ದ. ಕೊನೆಗೆ ಮಾತ್ರ ನಗು ನಿಲ್ಲಿಸಿ, “ನಮ್ಮ ಮಂದಿ ರೋಗದಿಂದ ಸಾಯಂಗಿಲ್ಲೋ, ಹೂಂ ಅಂದು ಅಂದು ಸಾಯ್ತಾರ” ಎನ್ನುತ್ತಿದ್ದ. ಜಹೀರಾಬಾದಿನಿಂದ ನಾರಾಯಣಖೇಡದವರೆಗೆ ನಮ್ಮ ಮಾತಿನಲ್ಲಿ ‘ಎಲ್ಲಿ ನೋವು’ ಎಂದು ಕೇಳುವ ಡಾಕ್ಟರ್ ಆಗ ಒಬ್ಬನೂ ಇರಲಿಲ್ಲ. ಆತ ಆ ಒಬ್ಬ ಆಗಬೇಕಿತ್ತು. ಸುತ್ತಲಿನ ಹಳ್ಳಿಗಳೆಲ್ಲ ಅದನ್ನೇ ಕಾಯುತ್ತಿದ್ದವು.

ಬೀದರಿನಲ್ಲಿ ಓದಿ ಪಾಸಾಗಿ, ಹೈದರಾಬಾದಿನ ಡಾಕ್ಟರಿ ಕಾಲೇಜಿನಲ್ಲಿ ಜಾಗ ಸಿಕ್ಕಿತು. ಶೇರವಾನಿ, ರೂಮಿ ಟೊಪ್ಪಿ ಕಡ್ಡಾಯ. ಹಾಕಿಕೊಂಡ ಮೊದಲ ದಿನ ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು, “ಲೇ ಸಾವ್ಕಾರಾ, ಥೇಟ್ ನಮ್ಮ ತಹಸೀಲ್ದಾರ ಕಂಡಂಗ ಕಾಣ್ತೀನಿ. ನನಗ ನಾನೇ ಸಲಾಮ್ ಹೊಡೀಬೇಕು ಅನಸ್ತದ” ಎಂದ. ನನಗೆ ಅಂಗಡಿ ಇನ್ನೂ ಇರಲಿಲ್ಲ, ಆದರೂ ಆತ ನನ್ನನ್ನು ಸಾವ್ಕಾರ ಎಂದೇ ಕರೆಯುತ್ತಿದ್ದ. ಚೇಷ್ಟೆಗೆ.

ನಾನು ತಾಂಡೂರಿನಿಂದ ಕಲ್ಲಿನ ವ್ಯಾಗನ್ನಿನ ಹಿಂದೆಯೇ ಶಹರಕ್ಕೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಆತನ ಅವ್ವ ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮುಟ್ಟಿಸುವುದು ನನ್ನ ಕೆಲಸ. ಹೆಣ ಕೊಯ್ಯುವ ಹಾಲ್‌ನಿಂದ ಬಂದ ಕೈಯನ್ನು ಸಾಬೂನು, ಬೂದಿ, ನಿಂಬೆಸಿಪ್ಪೆ ಎಲ್ಲ ಹಚ್ಚಿ ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲವಂತೆ. ಅನ್ನ ಕಲಸಲು ಆಗದು. ರೊಟ್ಟಿಯಾದರೆ ಬೆರಳ ತುದಿಯಲ್ಲಿ ಮುರಿದು ಬಾಯಿಗೆ ಎಸೆದುಕೊಳ್ಳಬಹುದು. ಮಕ್ಕಳನ್ನು ಡಾಕ್ಟರಿಕೆಗೆ ಕಳಿಸುವ ತಾಯಂದಿರಿಗೆ ಹೇಳುತ್ತೇನೆ: ಮೊದಲ ವರ್ಷ ತುಪ್ಪ ಕಳಿಸಬೇಡಿ, ಒಣರೊಟ್ಟಿ ಕಳಿಸಿ.

ಮೊದಲ ವರ್ಷದಲ್ಲಿ ಎಲುಬು ಕೊಳ್ಳಬೇಕು. ಮೇಲಿನ ತರಗತಿಯ ಹುಡುಗರು ತಮ್ಮ ಓದು ಮುಗಿದ ಮೇಲೆ ಅವನ್ನು ಹೊಸಬರಿಗೆ ಮಾರುತ್ತಿದ್ದರು. ಈತ ನನ್ನನ್ನು ಜೊತೆಗೆ ಕರೆದೊಯ್ದ. ಶಹರದ ಉದ್ದನೆಯ ಹುಡುಗನೊಬ್ಬ ಮಂಚದ ಮೇಲೆ ಎಲ್ಲ ಹರಡಿ, “ಪೂರಾ ಆದ್ಮಿ ಹೈ, ದೇಖ್ ಲೋ” ಎಂದ. ಇಡೀ ಮನುಷ್ಯ, ನೋಡಿಕೊಳ್ಳಿ. ನಾನು ತೊಡೆ, ತಲೆಬುರುಡೆ ನೋಡಲಿಲ್ಲ. ಬೆರಳು ನೋಡಿದೆ.

“ಬಲಗೈ ಬೆರಳು ಎಲ್ಲದಾವ?”

ಈತ ಉರ್ದುವಿನಲ್ಲಿ ಕೇಳಿದ. ಎಲ್ಲೋ ಬಿದ್ದುಹೋಗಿರಬೇಕು ಎಂದು ಆ ಹುಡುಗ ಕೈ ಆಡಿಸಿದ.

“ಬೆರಳಿಲ್ಲದಾಂವ ಪೂರಾ ಆದ್ಮಿ ಹೆಂಗ ಆಗ್ತಾನ? ಕೇಳು ಅವಗ.”

ಈತ ನನ್ನ ತೋಳು ಜಗ್ಗಿದ. “ಸತ್ತವನ ಮ್ಯಾಲ ಚೌಕಾಸಿ ಮಾಡಬ್ಯಾಡೋ, ಮಾರಾಯಾ.”

“ಸತ್ತವನ ಮ್ಯಾಲ ಅಲ್ಲ, ಬದುಕಿದವನ ಮ್ಯಾಲ ಮಾಡಾಕತ್ತೀನಿ. ಸುಮ್ನಿರು.”

ಕಡಿಮೆಗೇ ಸಿಕ್ಕಿತು. ಯಾವ ಸಾಮಾನು ಕೊಂಡರೂ ದೊಡ್ಡದನ್ನು ಎಲ್ಲರೂ ನೋಡುತ್ತಾರೆ, ನೀವು ಸಣ್ಣದನ್ನು ಮೊದಲು ನೋಡಿ.

ಆ ಎಲುಬುಗಳನ್ನು ಆತ ಜೋಳದ ಚೀಲದಲ್ಲಿ ಹಾಕಿ ಮಂಚದ ಹತ್ತಿರ ಇಟ್ಟಿದ್ದ. ಬೆಳಿಗ್ಗೆ ಹಾಸಿಗೆಯ ಚಾದರವನ್ನು ಪರದೆಯಾಗಿ ಕಟ್ಟಿ ಲಿಂಗಪೂಜೆಗೆ ಕೂರುವನು. ಪರದೆಯ ಹಿಂದಿನಿಂದ ಒಂದು ಗಳಿಗೆ ಮಂತ್ರ ಕೇಳಿದರೆ ಇನ್ನೊಂದು ಗಳಿಗೆ ಎಲುಬುಗಳ ಅರಬ್ಬಿ ಹೆಸರು ಕೇಳುತ್ತಿತ್ತು. ಪಾಠವೆಲ್ಲ ಉರ್ದುವಿನಲ್ಲಿ, ಶಹರದ ಹುಡುಗರಿಗೆ ಆ ಭಾಷೆ ಮನೆಯಲ್ಲೇ ಇತ್ತು. ಈತ ಪ್ರತಿ ಮಾತನ್ನೂ ಒಮ್ಮೆ ಕನ್ನಡದಲ್ಲಿ ತಿಳಿದು, ಮತ್ತೆ ಉರ್ದುವಿನಲ್ಲಿ ಬಾಯಿಪಾಠ ಮಾಡಬೇಕು. ಒಂದು ಸಲ ಅವರಪ್ಪ ಊರಿನಿಂದ ಬಂದವರು ಬೇರೆ ಜಾಗ ಕಾಣದೆ ಆ ಚೀಲದ ಮೇಲೇ ಕೂತುಬಿಟ್ಟರು. ಕಟಕಟ ಎಂದಿತು.

“ಏನದನೋ ಇದ್ರಾಗ, ಕಟಿಗಿ?”

“ಹೂಂ ಅಪ್ಪಾ, ಕಟಿಗಿ.”

“ಶಹರದಾಗ ಕಟಿಗೀನೂ ಹಾಸ್ಟೆಲಿನವ್ರು ಕೊಡಂಗಿಲ್ಲೇನು?” ಎಂದು ಆ ಮುಗ್ಧ ಜೀವ ಮರುಗಿತು. ಮುದುಕ ಹೋಗುವವರೆಗೂ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ನಗು ತಡೆಯುತ್ತಿರಲಿಲ್ಲ. ಹೋದ ಮೇಲೆ ನಾನು ನಕ್ಕೆ. ಆತ ನಗಲಿಲ್ಲ. “ನಾನೂ ಅಪ್ಪಗ ಹೂಂ ಅಂದುಬಿಟ್ಟೆ” ಎಂದ.

ಹಳ್ಳಿಯವನೆಂದು ಶಹರದ ಹುಡುಗರು ಕಾಡುವುದಿತ್ತು. ಊಟದ ಹೊತ್ತಿನಲ್ಲಿ ಯಾರೋ ಈತನ ಶೇರವಾನಿಯ ಜೇಬಿಗೆ ಬೆರಳಿನ ಎಲುಬೊಂದನ್ನು ಹಾಕಿದ್ದರು. ಈತ ಅದನ್ನು ತೆಗೆದು, ಒರೆಸಿ, “ಶುಕ್ರಿಯಾ, ನನ್ನ ಆದ್ಮಿಗೆ ಇದೊಂದು ಕಡಿಮೆ ಇತ್ತು” ಎಂದು ಮತ್ತೆ ಜೇಬಿಗೇ ಇಟ್ಟುಕೊಂಡನಂತೆ. ಆಮೇಲೆ ಆ ಹುಡುಗರೇ ಗೆಳೆಯರಾದರು.

ಆದರೆ ಆ ಕಾಲೇಜಿನ ಬದುಕಿನಲ್ಲಿ ನಗುವಿನ ಭಾಗ ಬಹಳ ಸಣ್ಣದು. ಪರೀಕ್ಷೆಯ ತಿಂಗಳಲ್ಲಿ ನಾನು ಹೋದರೆ ಹಾಸ್ಟೆಲ್ ಸೂತಕದ ಮನೆಯಂತಿರುತ್ತಿತ್ತು. ದೊಡ್ಡ ಡಾಕ್ಟರು ಎದುರು ಕೂರಿಸಿಕೊಂಡು ಬಾಯಿಮಾತಿನಲ್ಲಿ ಪ್ರಶ್ನೆ ಕೇಳುತ್ತಾರೆ, ಅವರಿಗೆ ಸರಿ ಕಾಣದಿದ್ದರೆ ಇಡೀ ವರ್ಷ ಹೋಯಿತು. ಈತನ ಕೋಣೆಯ ಜೊತೆಗಾರನೊಬ್ಬ, ಗುಲಬರ್ಗಾ ಕಡೆಯವನು, ಎರಡು ಸಲ ಕೂತು ಎರಡೂ ಸಲ ಬಿದ್ದು, ಮೂರನೇ ಸಲದ ಬೆಳಿಗ್ಗೆ ಬೂಟು ಬಿಟ್ಟು ಬರಿಗಾಲಿನಲ್ಲಿ ಊರಿಗೆ ಓಡಿಹೋದ. ಆ ಬೂಟುಗಳು ಬಾಗಿಲ ಸಂದಿಯಲ್ಲಿ ಹಾಗೇ ಇದ್ದವು. ಈತನೂ ಒಂದು ವರ್ಷ ಬಿದ್ದ. ಮತ್ತೆ ಕೂತು ಪಾಸಾದ. ಕೊನೆಯ ವರ್ಷದವರೆಗೆ ಬಂದ.

ಅದೇ ಹೊತ್ತಿಗೆ ಕಾಲೇಜಿನ ಹೆಣದ ಹಾಲ್‌ಗೆ ಹೊಸ ಮೇಜುಗಳ ಕೆಲಸ ಬಂತು. ಅಷ್ಟರಲ್ಲಿ ನನ್ನದೇ ಅಂಗಡಿಯಾಗಿತ್ತು, ಕಲ್ಲು ನಾನು ಒಪ್ಪಿಸಿದೆ. ಮನುಷ್ಯನೊಬ್ಬ ಕಾಲು ಚಾಚಿ ಮಲಗುವಷ್ಟು ಉದ್ದದ ಚಪ್ಪಡಿಗಳು. ಅಂಚಿನ ಸುತ್ತ ನೀರು ಹರಿದುಹೋಗಲು ಸಣ್ಣ ಕಾಲುವೆ ಕೊರೆಯಬೇಕು, ಮೂಲೆಯಲ್ಲಿ ಹೊರಬೀಳಬೇಕು. ಅವುಗಳಲ್ಲಿ ಒಂದಕ್ಕೆ ಕೂದಲೆಳೆಯಷ್ಟು ಬಿರುಕಿದೆ ಎಂದು ಕಾಲೇಜಿನವರು ವಾಪಸು ಕಳಿಸಿದರು. ಉಳಿದವನ್ನು ಕೂರಿಸುವ ದಿನ ಈತ ಬಂದು ಕಲ್ಲಿನ ಮೇಲೆ ಅಂಗೈ ಆಡಿಸಿದ. “ಛಲೋ ಕಲ್ಲು ಕೊಟ್ಟೀಯೋ ಸಾವ್ಕಾರಾ. ತಣ್ಣಗ ಅದ. ಮ್ಯಾಲ ಮಲಗವ್ರಿಗೆ ತಕರಾರಿಲ್ಲ.”

ಇನ್ನು ಆ ಮುದುಕಿಯ ವಿಷಯ.

ಕಲ್ಹೇರ್ ಕಡೆಯ ಒಬ್ಬ ಮುದುಕಿಯನ್ನು ಅವಳ ಮಗ ಶಹರದ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಕೂರಿಸಿ, ನೀರು ತರುತ್ತೇನೆಂದು ಹೋದವನು ಹೋಗಿಯೇಬಿಟ್ಟಿದ್ದ. ಹೊಟ್ಟೆಯಲ್ಲಿ ಗಡ್ಡೆ. ಮುಂಗೈ ಮೇಲೆ ಲಿಂಗದ ಹಚ್ಚೆ, ಅದರ ಸುತ್ತ ಜೋಳದ ಕಾಳಿನಂಥ ಚುಕ್ಕಿ. ವಾರ್ಡಿನಲ್ಲಿ ಅವಳ ಮಾತು ತಿಳಿಯುವವನು ಈತನೊಬ್ಬನೇ. ಡಾಕ್ಟರರ ಪ್ರಶ್ನೆಯನ್ನು ಅವಳಿಗೆ, ಅವಳ ಉತ್ತರವನ್ನು ಡಾಕ್ಟರರಿಗೆ ಮುಟ್ಟಿಸುತ್ತಿದ್ದ. ಅವಳು ಯಾವುದಕ್ಕೂ ಸುಮ್ಮನೆ ಹೂಂ ಎನ್ನುತ್ತಿರಲಿಲ್ಲ. “ಆ ಡಾಕ್ಟರ ಹೊಟ್ಟಿ ಮುಟ್ಟಿದ್ರ ಎಮ್ಮಿ ತುಳದಂಗ ಆಗ್ತದ, ಹೇಳು ಅವಗ” ಎನ್ನುತ್ತಿದ್ದಳು. ಈತನಿಗೆ ಅದೇ ಇಷ್ಟ. ನಾನು ತಂದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅವಳಿಗೆ ತಿನ್ನಿಸುವುದನ್ನು ಒಮ್ಮೆ ನೋಡಿದೆ. ಆಯಿ, ಆಯಿ ಎನ್ನುತ್ತಿದ್ದ, ನಮ್ಮ ಕಡೆ ಅಜ್ಜಿಯನ್ನು ಕರೆಯುವ ಹಾಗೆ. ಅವಳು ನನ್ನ ಮುಂದೆಯೇ ಹೇಳಿದಳು: “ಕೂಸೇ, ನಾ ಸತ್ರ ಇವ್ರು ಉದ್ದಕ ಮಲಗಿಸಿ ಒಯ್ತಾರಂತಲ್ಲ. ನನಗ ಕುಂದ್ರಿಸಿ ಮಣ್ಣ ಕೊಡು.”

“ಆತು ಆಯಿ. ನೀ ಸಾಯಂಗಿಲ್ಲ ಬಿಡು.”

“ಅದನ್ನ ಕೇಳಿಲ್ಲ ನಾ. ಕುಂದ್ರಸ್ತೀಯೋ ಇಲ್ಲೋ ಹೇಳು.”

“ಕುಂದ್ರಸ್ತೀನಿ.”

ಆಮೇಲೆ ರಜೆ ಬಂತು. ಅವ್ವ ಕರೆದಿದ್ದಾಳೆ ಎಂದು ಕಾಲೇಜಿನಲ್ಲಿ ಹೇಳಿ ಊರಿಗೆ ಹೋದ. ಸುಗ್ಗಿ ಮುಗಿಸಿ ತಿರುಗಿ ಬಂದಾಗ ವಾರ್ಡಿನ ಆ ಮಂಚದ ಮೇಲೆ ಬೇರೆ ಯಾರೋ ಇದ್ದರು. ಕೇಳಿದರೆ, ಸತ್ತು ಬಹಳ ದಿನವಾಯಿತು ಎಂದರು. ಯಾರು ಒಯ್ದರು ಎಂದರೆ ಯಾರಿಗೂ ಗೊತ್ತಿಲ್ಲ. ಈತನಿಗೆ ಗೊತ್ತಾಯಿತು. ವಾರಸುದಾರರಿಲ್ಲದ ಹೆಣ ಎಲ್ಲಿಗೆ ಹೋಗುತ್ತದೆ ಎಂಬುದು ಆ ಕಾಲೇಜಿನ ಹುಡುಗರಿಗೆ ತಿಳಿಯದ ಮಾತಲ್ಲ. ಹೆಣದ ಹಾಲ್‌ಗೆ ಓಡಿದ. ನಾನು ಕೊಟ್ಟ ಕಲ್ಲಿನ ಮೇಲೆ ಅವಳು ಇದ್ದಳು. ಮುಖ ಗುರುತು ಸಿಗುವಂತಿರಲಿಲ್ಲ. ಒಂದು ತೋಳನ್ನು ಕಿರಿಯ ಹುಡುಗರು ಆಗಲೇ ಬಿಡಿಸಿದ್ದರು. ಇನ್ನೊಂದರ ಮೇಲೆ ಲಿಂಗದ ಹಚ್ಚೆ ಹಾಗೇ ಇತ್ತು.

ಅಲ್ಲಿಂದ ನೇರ ದಫ್ತರಕ್ಕೆ ಹೋಗಿ, “ಇವಳು ನನ್ನ ತಾಯಿ, ನನಗೆ ಕೊಡಿ” ಎಂದ. ಹುಡುಗನ ಮುಖ ನೋಡಿ ಯಾರೂ ಆಗ ಎರಡನೇ ಮಾತು ಕೇಳಲಿಲ್ಲ. ಕೊಟ್ಟರು.

ನಾನು ಶಹರದಲ್ಲೇ ಇದ್ದೆ. ಹೇಳಿ ಕಳಿಸಿದ, ಹೋದೆ. ಶಹರದ ನಮ್ಮವರ ರುದ್ರಭೂಮಿಯಲ್ಲಿ ಚೌಕವಾಗಿ ಕುಣಿ ತೋಡಿಸಿ, ಮಠದ ಒಬ್ಬ ವಯಸ್ಸಾದ ಅಯ್ಯನೋರನ್ನು ಕರೆತಂದಿದ್ದೆವು. ಕೈಗಾಡಿಯಿಂದ ಇಳಿಸಿದಾಗಲೇ ನಮಗೆ ಸಮಸ್ಯೆ ಕಂಡದ್ದು. ಹೆಣ ಕೆಡದಂತೆ ಇಡುವ ಔಷಧದಲ್ಲಿ ಅಷ್ಟು ದಿನ ಚಾಚಿ ಮಲಗಿಸಿದ್ದ ಮೈ, ಮರದ ಹಲಗೆಯಾಗಿತ್ತು. ಮೊಣಕಾಲು ಮಡಚದು, ಸೊಂಟ ಬಾಗದು.

ಅಯ್ಯನೋರು ಒಂದು ಸಲ ಒತ್ತಿ ನೋಡಿ ಕೈ ಬಿಟ್ಟರು. “ತಮ್ಮಾ, ಇದು ಬಾಗಂಗಿಲ್ಲ. ಮಲಗಿಸಿಬಿಡ್ರಿ. ಶಿವ ಒಪ್ಕೋತಾನ.”

“ಶಿವ ಒಪ್ಕೋಬಹುದು ಅಯ್ಯನೋರೆ, ಈಕಿ ಒಪ್ಪಿಲ್ಲ” ಎಂದ ಈತ.

ಶೇರವಾನಿ ಬಿಚ್ಚಿ ಬೇವಿನ ಕೊಂಬೆಗೆ ಹಾಕಿದ. ಕಾಲೇಜಿನ ಚಾಕು ಜೇಬಿನಲ್ಲಿತ್ತು. ಚಾದರದ ಒಂದು ತುದಿ ನನಗೆ, ಒಂದು ತುದಿ ಅಯ್ಯನೋರಿಗೆ ಕೊಟ್ಟು ಅಡ್ಡ ಹಿಡಿಸಿದ. ನಾವು ಮುಖ ತಿರುಗಿಸಿ ನಿಂತೆವು. ಹಿಂದಿನಿಂದ ಆತನ ಮಾತು ಮಾತ್ರ ಕೇಳುತ್ತಿತ್ತು. “ಇನ್ನ ಸೊಲ್ಪ, ಆಯಿ... ಈ ಕಡಿ ಕಾಲು ಆತು... ಇದೊಂದು ನರ ಬಿಟ್ರ ಮಡಚ್ತದ... ಹಾಂ, ಹಂಗ.” ಯಾವುದನ್ನು ಎಲ್ಲಿ ಬಿಡಿಸಿದರೆ ಕಾಲು ಮಡಚುತ್ತದೆ ಎಂಬುದನ್ನು ಕಲಿಯಲು ಇಷ್ಟು ವರ್ಷ ಬೇಕಾಗಿತ್ತು. ಚಾದರ ಇಳಿಸಿದಾಗ ಅವಳು ಕೂತಿದ್ದಳು. ಅವಳ ಲಿಂಗ ಆಸ್ಪತ್ರೆಯಲ್ಲೇ ಎಲ್ಲೋ ಹೋಗಿತ್ತು. ಅಯ್ಯನೋರು ತಮ್ಮ ಚೀಲದಿಂದ ಒಂದು ಕೊಟ್ಟರು. ಎಡಗೈಯ ಬೆರಳುಗಳನ್ನು ಈತ ಒಂದೊಂದಾಗಿ ಬಿಡಿಸಿ ಅದನ್ನು ಇಟ್ಟ. ಆತ ಬದುಕಿನಲ್ಲಿ ತನ್ನ ಕೈಯಾರೆ ಮಾಡಿದ ಆಪರೇಷನ್ ಅದೊಂದೇ.

ತಿರುಗಿ ಬರುವಾಗ ನಾನು ಸುಮ್ಮನಿರಲಾರದೆ ಕೇಳಿದೆ, ನಾವೂ ಸತ್ತರೆ ಹೀಗೇ ಬಿಗಿಯುತ್ತೇವೆಯೇ ಎಂದು.

“ಎಲ್ಲರೂ ಬಿಗೀತಾರ. ಅದಕ್ಕೇ ಜೀವ ಹೋದ ಕೂಡ್ಲೇ ನಮ್ಮವ್ರು ಗ್ವಾಡಿಗೆ ಆನಿಸಿ ಕುಂದ್ರಸ್ತಾರ. ತಡ ಆದ್ರೂ ಚಿಂತಿಲ್ಲ, ಸಾವಿನ ಬಿಗಿ ಒಂದು ದಿನ ಬಿಟ್ರ ತಾನೇ ಸಡಿಲ ಆಗ್ತದ. ಈಕೀದು ದವಾದ ಬಿಗಿ. ಅದು ಎಂದೂ ಬಿಡಂಗಿಲ್ಲ.”

ತಿಂಗಳು ಕಳೆಯುವುದರೊಳಗೆ ದಫ್ತರದ ಗುಮಾಸ್ತನಿಗೆ ನೆನಪಾಯಿತು: ಅವ್ವ ಕರೆದಿದ್ದಾಳೆ ಎಂದು ರಜೆಗೆ ಹೋದವನ ಅವ್ವ, ಅದೇ ದಿನಗಳಲ್ಲಿ ಇಲ್ಲಿ ಹೆಣವಾಗಿ ಬಿದ್ದಿದ್ದಳೇ? ಸುಳ್ಳು ಹೇಳಿ ಕಾಲೇಜಿನ ಹೆಣ ಒಯ್ದದ್ದು ಸಣ್ಣ ತಪ್ಪಲ್ಲ. ಸಮಿತಿ ಕೂಡಬೇಕೆಂದು ತೀರ್ಮಾನವಾಯಿತು. ಕಲ್ಲಿನ ವ್ಯವಹಾರದಿಂದ ಕಾಲೇಜಿನ ದೊಡ್ಡ ಸಾಹೇಬರು ನನಗೆ ಪರಿಚಯ. ಹೋಗಿ ಎದುರು ನಿಂತೆ. ಅವರು ಕೆಟ್ಟವರಲ್ಲ. ಎಲ್ಲ ಹುಡುಗರ ಮುಂದೆ ಆತ ನಿಂತು, ಆ ಹೆಂಗಸು ನನಗೆ ಯಾರೂ ಅಲ್ಲ, ಕನಿಕರದಿಂದ ಸುಳ್ಳು ಹೇಳಿದೆ, ಮಾಫಿ ಮಾಡಿ ಎನ್ನಲಿ, ಮುಗಿಸುತ್ತೇನೆ ಎಂದರು. ನಾನು ಬಿಡಲಿಲ್ಲ. ಹುಡುಗ ಮಾನವಂತ, ಎಲ್ಲರ ಮುಂದೆ ಬೇಡ, ಸಮಿತಿಯ ಕೋಣೆಯೊಳಗೆ ಮಾತ್ರ ಹೇಳಲಿ ಎಂದು ಹಿಡಿದು ಕೂತೆ. ಎಳೆದು ಎಳೆದು ಕೊನೆಗೆ ಒಪ್ಪಿಸಿದೆ. ಗೆದ್ದೆ ಎಂದುಕೊಂಡು ಹಾಸ್ಟೆಲಿಗೆ ಬಂದೆ.

“ನಾಳೆ ಒಂದೇ ಒಂದು ಮಾತು ಅನ್ನೋದದ,” ಎಂದೆ. “ಆಕಿ ನನಗ ಯಾರೂ ಅಲ್ಲ. ಅಷ್ಟಂದು ಹೊರಗ ಬಾ. ಖರೇನೇ ಅಲ್ಲೇನು ಅದು?”

ಆತ ಬೂಟುಗಳ ಕಡೆ ನೋಡಿದ, ಆ ಓಡಿಹೋದವನ ಬೂಟುಗಳ ಕಡೆ.

“ಆಯಿ ದಾಖಲ್ ಆದ ದಿನ ಗುಮಾಸ್ತ ಕೇಳಿದ್ದ, ವಾರಿಸ್ ಯಾರು ಅಂತ. ನಾ ಆಕಿಗೆ ಕನ್ನಡದಾಗ ಕೇಳಿದ್ದೆ. ಆಕಿ ನನಗ ಬೊಟ್ಟು ಮಾಡಿ, ಈ ಕೂಸು ಅದಾನಲ್ಲ, ಇವನ ಹೆಸರ ಬರಕೋ ಅಂದಳು. ನಾ ಗುಮಾಸ್ತಗ ಏನಂದೆ ಗೊತ್ತೇನು? ‘ಕೋಯಿ ನೈ’ ಅಂದೆ. ಯಾರೂ ಇಲ್ಲ ಅಂದೆ. ಯಾಕಂದ್ರ ಅದು ಖರೇ ಇತ್ತು. ರೋಗಿ ಬಗ್ಗೆ ಖರೇದ್ದೇ ಬರಿಬೇಕು ಅಂತ ನಮಗ ಕಲಿಸ್ಯಾರ. ಹಂಗ ಅಂದಿದ್ದಕ್ಕೇ ಆಕಿ ನಿನ್ನ ಕಲ್ಲಿನ ಮ್ಯಾಲ ಹೋದಳು.”

“ನಿನಗೇನು ಗೊತ್ತಿತ್ತು, ಹಂಗ ಆಗ್ತದಂತ?”

“ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಿಗಿ ನಮಗೇ ಗೊತ್ತಿರ್ತದ. ನೆನಪಿಗೆ ಬರಲಿಲ್ಲ, ಅಷ್ಟೇ.” ಆಮೇಲೆ ಹೇಳಿದ, “ಒಮ್ಮೆ ಅಂದೀನಿ. ಎರಡನೇ ಸಲ ಆಗಂಗಿಲ್ಲೋ.”

ನಾನು ಬೈದೆ. ನಿನ್ನ ಅವ್ವನ ನೆನಪು ಮಾಡಿಕೋ ಎಂದೆ. ನ್ಯಾಲ್ಕಲ್, ಮೊಗುಡಂಪಲ್ಲಿ, ಕಲ್ಹೇರ್ ಎಲ್ಲ ಎಣಿಸಿ ಹೇಳಿದೆ, ಅಷ್ಟು ಮಂದಿ ಕಾಯುತ್ತಿರುವಾಗ ಸತ್ತ ಒಬ್ಬಳ ಸಲುವಾಗಿ ಹೀಗೆ ಮಾಡಬೇಡ ಎಂದೆ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಆತ ಕೇಳಿಸಿಕೊಂಡ. ತಲೆಯನ್ನೂ ಆಡಿಸಿದ. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಮರುದಿನ ಸಮಿತಿಯ ಕೋಣೆಯ ಹೊರಗೆ ನಿಂತಿದ್ದೆ. ಬಾಗಿಲಿಗೆ ಪರದೆ ಮಾತ್ರ. ಒಳಗೆ ದೊಡ್ಡ ಸಾಹೇಬರು ಮೆತ್ತಗೆ, ಉತ್ತರವನ್ನು ಬಾಯಿಗೇ ಇಟ್ಟಂತೆ ಕೇಳಿದರು. “ಓ ಬುಢಿಯಾ ತುಮ್ಹಾರಿ ಕೋಯಿ ನೈ ಥೀ ನಾ?” ಆ ಮುದುಕಿ ನಿನಗೆ ಯಾರೂ ಅಲ್ಲ, ಅಲ್ಲವೇ? ಒಂದು ಹೂಂ ಸಾಕಿತ್ತು.

“ಮಾಂ ಥೀ” ಎಂದ. ತಾಯಿ.

ಮತ್ತೆ ಕೇಳಿದರು. ಮತ್ತೆ ಅದನ್ನೇ ಅಂದ.

ಹೆಸರು ಹೊಡೆದು ಹಾಕಿದರು. ಎಲುಬುಗಳನ್ನು ಮೊದಲ ವರ್ಷದ ಯಾರೋ ಹುಡುಗನಿಗೆ ಸುಮ್ಮನೇ ಕೊಟ್ಟು, ಒಂದು ಪೆಟ್ಟಿಗೆಯೊಂದಿಗೆ ಊರಿಗೆ ಬಂದ. ಅವರಪ್ಪ ಪೆಟ್ಟಿಗೆ ಇಳಿಸುವಾಗ, “ಆ ಕಟಿಗಿ ಚೀಲ ಎಲ್ಲದನೋ?” ಎಂದರು. ಅಷ್ಟೇ. ತಂದೆ ತಾಯಿ ಇಬ್ಬರೂ ಮುಂದೆ ಬಹಳ ವರ್ಷ ಬದುಕಲಿಲ್ಲ. ಆತ ಮದುವೆಯಾಗಲಿಲ್ಲ.

ಔಷಧದ ಅಂಗಡಿ ಹಾಕು ಎಂದು ಎಷ್ಟೋ ಹೇಳಿದೆ. ಹಾಕಲಿಲ್ಲ. ಒಂದು ಪುಡಿ ಕೂಡ ಯಾರಿಗೂ ಕೊಡಲಿಲ್ಲ, ಅಧಿಕಾರವಿಲ್ಲ ಎನ್ನುತ್ತಿದ್ದ. ಜಹೀರಾಬಾದಿನ ಬಜಾರಿನ ಹಿಂದೆ ಒಂದು ಕೋಣೆ ಹಿಡಿದು, ಅಂಗಡಿಗಳ ಉರ್ದು ಬರವಣಿಗೆ ಮಾಡಿ ಹೊಟ್ಟೆ ಹೊರೆದ. ಯಾರಿಗಾದರೂ ದೊಡ್ಡ ರೋಗ ಬಂದರೆ ಅವರ ಜೊತೆ ರೈಲು ಹತ್ತಿ ಶಹರದ ಆಸ್ಪತ್ರೆಗೆ ಹೋಗುತ್ತಿದ್ದ. ಎಲ್ಲಿ ನೋವು ಎಂದು ನಮ್ಮ ಮಾತಿನಲ್ಲಿ ಕೇಳಿ ಡಾಕ್ಟರರಿಗೆ ಹೇಳುವನು. ಗುಮಾಸ್ತ ವಾರಿಸ್ ಯಾರು ಎಂದರೆ, ರೋಗಿ ಬಾಯಿ ತೆರೆಯುವ ಮೊದಲೇ “ನಾನು” ಎನ್ನುವನು. ಮೊಗುಡಂಪಲ್ಲಿಯ ಅಗಸರವಳಿಗೆ ಮಗ, ನ್ಯಾಲ್ಕಲ್‌ನ ಮುಸಲ್ಮಾನ ಮುದುಕನಿಗೆ ಅಳಿಯ, ಯಾವುದೋ ತಾಂಡಾದ ಹುಡುಗಿಗೆ ಕಾಕಾ. “ನಿಮ್ಮಪ್ಪ ಎಷ್ಟು ಮದುವೆ ಮಾಡಿಕೊಂಡಿದ್ದನಪ್ಪಾ?” ಎಂದು ಗುಮಾಸ್ತ ನಗುತ್ತಿದ್ದನಂತೆ. ಆತ ಜೊತೆಗಿದ್ದಷ್ಟು ದಿನ ನಮ್ಮ ಕಡೆಯ ಒಂದು ಹೆಣವೂ ಆ ಕಲ್ಲಿನ ಮೇಲೆ ಹೋಗಲಿಲ್ಲ.

ಇದನ್ನು ಓದಿ ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ಶಹರಕ್ಕೆ ಹೋಗುತ್ತಿದ್ದವರು ಎಲ್ಲ ನಾಟಿ ಔಷಧ, ಹರಕೆ ಮುಗಿದು, ಬೇರೆ ದಾರಿಯೇ ಇಲ್ಲದವರು. ಅವರಲ್ಲಿ ಹೆಚ್ಚಿನವರು ಸತ್ತೇ ಬಂದರು. ಬದುಕಿದವರು ದೇವರ ಹೆಸರು ಹೇಳಿದರು, ಸತ್ತವರು ಈತನ ಲೆಕ್ಕಕ್ಕೆ ಹೋದರು. ಡಾಕ್ಟರ್ ಸಾಬ ಜೊತೆಗೆ ಹೊರಟರೆ ಆ ಮನೆಯಲ್ಲಿ ಅಳು ಶುರುವಾಗುವಂತಾಯಿತು. ನಾನು ಜೊತೆಗಿದ್ದಾಗಲೇ ಮೊಗುಡಂಪಲ್ಲಿಯ ಹೆಣ್ಣುಮಗಳೊಬ್ಬಳು ಈತ ಓಣಿಯಲ್ಲಿ ಬರುವುದನ್ನು ಕಂಡು ಹೊಸ್ತಿಲಲ್ಲಿ ಅಡ್ಡ ನಿಂತಳು.

“ಬರಬ್ಯಾಡ್ರಿ ಡಾಕ್ಟರ್ ಸಾಬ್ರೆ, ಕೈ ಮುಗೀತೀನಿ. ನಮ್ಮನಿಯಾಗ ಎಲ್ಲರೂ ಆರಾಮ ಅದಾರ.”

ಒಳಗೆ ಕೂಸೊಂದು ಕೆಮ್ಮುತ್ತಿತ್ತು. ಅದು ಎಂಥ ಕೆಮ್ಮು ಎಂದು ಈತನಿಗೆ ಗೊತ್ತಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. “ಆತು ಯವ್ವಾ” ಎಂದು ತಿರುಗಿದ. ಆಮೇಲಾಮೇಲೆ ಯಾರೂ ಕರೆಯಲಿಲ್ಲ.

ಕೊನೆಯ ಸಲ ತಾಂಡೂರಿಗೆ ಬಂದಾಗ ಅಂಗಡಿಯ ಹಿಂದೆ ಗೋಡೆಗೆ ಆನಿಸಿದ್ದ ಆ ಬಿರುಕಿನ ಚಪ್ಪಡಿಯನ್ನು ಕಂಡ. ಕಾಲುವೆಯೊಳಗೆ ಬೆರಳು ಆಡಿಸುತ್ತ ಕೇಳಿದ.

“ಇದನ್ನ ಇನ್ನೂ ಮಾರಿಲ್ಲೇನೋ ಸಾವ್ಕಾರಾ?”

“ಕಾಲುವಿ ಕೊರದ ಕಲ್ಲು ಮನಿಗೆ ಹಾಸಾಕ ಬರಂಗಿಲ್ಲ. ಯಾರು ಒಯ್ತಾರ?”

“ಖರೇ. ಇದಕ್ಕ ಗಿರಾಕಿ ಸಿಗಂಗಿಲ್ಲ ಬಿಡು” ಎಂದು ನಕ್ಕ. ಬಹಳ ದಿನಗಳ ಮೇಲೆ ನಕ್ಕಿದ್ದ.

ನಿಜಾಮರ ಆಳ್ವಿಕೆ ಮುಗಿಯುವುದಕ್ಕೆ ಇನ್ನೂ ಸ್ವಲ್ಪ ಕಾಲವಿತ್ತು. ಜಹೀರಾಬಾದಿಗೆ ಕಾಲರಾ ಬಂತು. ಬಜಾರಿನ ಹಿಂದಿನ ಆ ಕೋಣೆಯ ಕಡೆ ಯಾರೂ ಹಾಯಲಿಲ್ಲ. ಬಾಗಿಲು ತೆರೆದಿಲ್ಲ ಎಂದು ನನಗೆ ಸುದ್ದಿ ಮುಟ್ಟಿ, ರೈಲು ಹಿಡಿದು ಬರುವಷ್ಟರಲ್ಲಿ ಆತ ನೆಲದ ಮೇಲೆ ಕಾಲು ಚಾಚಿ, ಬಿಗಿದುಹೋಗಿದ್ದ. ಜೀವ ಹೋಗುವಾಗ ಗೋಡೆಗೆ ಆನಿಸಿ ಕೂರಿಸಲು ಪಕ್ಕದಲ್ಲಿ ಯಾರಾದರೂ ಇರಬೇಕಿತ್ತು. ಇರಲಿಲ್ಲ. ಊರಿನ ಅಯ್ಯನೋರು ಮೊಣಕಾಲು ಒತ್ತಿ ನೋಡಿ ನನ್ನ ಕಡೆ ನೋಡಿದರು. ಅದನ್ನು ಮಡಚುವುದು ಗೊತ್ತಿದ್ದವನು ಅಲ್ಲಿ ಒಬ್ಬನೇ, ಅವನೇ ಮಲಗಿದ್ದ.

ಆದರೆ ನನಗೆ ಆತನ ಮಾತು ನೆನಪಿತ್ತು. ಒಂದು ದಿನ ಬಿಟ್ಟರೆ ತಾನೇ ಸಡಿಲವಾಗುತ್ತದೆ. ಬೇಕಾದದ್ದು ಒಂದು ದಿನ ಮಾತ್ರ. ಬಾಗಿಲಿಗೆ ಬಂದ ಪೊಲೀಸ್ ಅಮೀನ್ ಸಾಹೇಬರ ಬಳಿಗೆ ಹೋಗಿ ಕೈ ಮುಗಿದೆ. ಅವರ ಹುಕುಂ ಹೀಗಿತ್ತು: ವಾರಸುದಾರನಿದ್ದರೆ ಅವನ ಮನೆ, ಅವನ ಜವಾಬ್ದಾರಿ. ವಾರಸುದಾರನಿಲ್ಲದ ಕಾಲರಾ ಹೆಣ ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು.

“ವಾರಿಸ್ ಕೌನ್?” ಎಂದರು.

“ನಾನು, ಹುಜೂರ್. ತಮ್ಮ.”

ಅಮೀನ್ ಸಾಹೇಬರು ದಣಿದಿದ್ದರು. ಬೆಳಿಗ್ಗೆಯಿಂದ ಎಷ್ಟು ಹೆಣ ನೋಡಿದ್ದರೋ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀನು ತಾಂಡೂರಿನ ಕಲ್ಲಿನವನಲ್ಲವೇ? ನಮ್ಮ ಚೌಕಿಗೆ ನೆಲ ಹಾಕಿಸಿದವನು? ನಮ್ಮಪ್ಪನಿಗೆ ಒಬ್ಬನೇ ಮಗ, ಮುಳುಗಿಸಬೇಡಿ ಹುಜೂರ್ ಎಂದು ನನ್ನ ಕಾಲು ಹಿಡಿದಿದ್ದೆಯಲ್ಲ” ಎಂದರು.

ನಾನು ಮತ್ತೆ ತಮ್ಮ ಎಂದೆ. ಅವರು ಹೆಣ ಎತ್ತಲು ಜವಾನನಿಗೆ ಕೈ ಮಾಡಿದರು.

ಕುಣಿ ತೋಡುವವನು ರೂಢಿಯಂತೆ ಚೌಕ ಗೀರು ಹಾಕಿ ಶುರು ಮಾಡಿದ್ದ. ನಿಲ್ಲಿಸಿ, “ಉದ್ದಕ ತೋಡಬೇಕೇನ್ರಿ?” ಎಂದು ಎರಡು ಸಲ ಕೇಳಿದ. ಕೊನೆಗೆ ನಾನೇ ಹೂಂ ಎಂದೆ.

ಉದ್ದದ ಸಮಾಧಿಗೆ ಕಲ್ಲೂ ಉದ್ದದ್ದೇ ಬೇಕು. ಆ ಅಳತೆಯದು ನನ್ನ ಹತ್ತಿರ ಕೊರೆದು ಸಿದ್ಧವಾಗಿಯೇ ಇತ್ತು. ತರಿಸಿ ಹಾಕಿಸಿದೆ. ಮಳೆ ಬಿದ್ದರೆ ನೀರು ಮೇಲೆ ನಿಲ್ಲುವುದಿಲ್ಲ. ಅಂಚಿನ ಕಾಲುವೆಗೆ ಇಳಿದು, ಸುತ್ತಿ ಬಂದು, ಮೂಲೆಯಲ್ಲಿ ಹೊರಬೀಳುತ್ತದೆ.